ಮಡಿಕೇರಿ ಬಸ್‌ಸ್ಟ್ಯಾಂಡ್ ಹತ್ರ ಇರೋ ಆ ಹೆಸರು

ಮೈಸೂರಿಂದ ಬೆಳಗ್ಗೆ ಬೇಗನೇ ಬಸ್ ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ ಮುಟ್ಟೋವಾಗ ಸೆಪ್ಟೆಂಬರ್ ಮಳೆ ಸಣ್ಣಗೆ ಹಿಡಿದಿತ್ತು. ಬಸ್ಸಲ್ಲಿ ಬಂದವರೆಲ್ಲ ರಾಜಾಸೀಟು, ಅಬ್ಬಿ ಫಾಲ್ಸ್ ಕಡೆ ಹೊರಟ್ರು, ನಾನು ಹೋಗಿದ್ದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸರ್ಕಲ್ ನೋಡೋಕೆ ಅಂತಲೇ. ಪ್ರೈವೇಟ್ ಬಸ್‌ಸ್ಟ್ಯಾಂಡ್ ಹತ್ರದ ಈ ಜಾಗದಲ್ಲಿ ಹಿಂದೆ ಎಷ್ಟು ಸಲ ಓಡಾಡಿದ್ನೋ, ನಿಂತು ಹೆಸರು ಓದಿದ್ದು ಇದೇ ಮೊದಲು.

ಪ್ರತಿಮೆ ಮುಂದೆ ಛತ್ರಿ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ದೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ಏರ್‌ಬೇಸ್ ಮೇಲೆ ನಮ್ಮ ವಾಯುಪಡೆಯ ದಾಳಿ. ದೇವಯ್ಯ ಅವರು ಇದ್ದದ್ದು ಸ್ಟ್ಯಾಂಡ್‌ಬೈನಲ್ಲಿ, ಯಾರದ್ದಾದ್ರೂ ವಿಮಾನ ಕೈಕೊಟ್ರೆ ಮಾತ್ರ ಹೋಗ್ಬೇಕಿತ್ತು, ಹೋದ್ರು. ಅವರ ಕೈಲಿದ್ದದ್ದು ಮಿಸ್ಟೇರ್ ಅನ್ನೋ ವೇಗ ಕಮ್ಮಿಯ ಫ್ರೆಂಚ್ ಯುದ್ಧವಿಮಾನ, ಎದುರಿಗೆ ಬಂದದ್ದು ಶಬ್ದದ ಎರಡರಷ್ಟು ವೇಗದಲ್ಲಿ ಹಾರೋ, ಅಮೆರಿಕದಲ್ಲಿ ತಯಾರಾದ ಪಾಕಿಸ್ತಾನದ ಸ್ಟಾರ್‌ಫೈಟರ್. ಏಟು ಬಿದ್ದ ವಿಮಾನದಲ್ಲೇ ತಿರುಗಿ ನಿಂತು ಅದನ್ನ ಹೊಡೆದು ಉರುಳಿಸಿದ್ರು, ಆ ಪೈಲಟ್ ಪ್ಯಾರಾಚೂಟಲ್ಲಿ ಇಳಿದು ಬದುಕಿಕೊಂಡ. ಇವರು ವಾಪಸ್ ಬರ್ಲಿಲ್ಲ. ವಯಸ್ಸು 32. ಜೊತೆಗೆ ಹೋದವರು ಯಾರೂ ಆ ಕಾದಾಟ ನೋಡಿರ್ಲಿಲ್ಲ, ಹಾಗಾಗಿ ಮನೆಗೆ ಮುಟ್ಟಿದ್ದು 'ಕಾಣೆಯಾಗಿದ್ದಾರೆ' ಅನ್ನೋ ಮಾತು ಮಾತ್ರ.

ಈ 'ಕಾಣೆ' ಅನ್ನೋ ಪದವೇ ನನ್ನನ್ನ ಇಲ್ಲೀತನಕ ಎಳ್ಕೊಂಡು ಬಂದಿದ್ದು. ಸತ್ರು ಅಂದ್ರೆ ಅತ್ತು ಮುಗಿಸ್ಬಹುದು, ಕಾಣೆ ಅಂದ್ರೆ ಬಾಗಿಲ ಸದ್ದಾದಾಗೆಲ್ಲ ಎದ್ದು ಹೋಗಿ ನೋಡ್ಬೇಕು. ಏನಾಯ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಅದೂ ಆ ಕಡೆಯವರ ವಿವರ ಹೊರಗೆ ಬಂದು. ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ, ಪತ್ನಿ ಹೋಗಿ ತಗೊಂಡ್ರು. ದೇಹ ಮಾತ್ರ ಕೊಡಗಿಗೆ ಬರ್ಲೇ ಇಲ್ಲ.

ಮಧ್ಯಾಹ್ನ ಸನ್ನಿಸೈಡ್‌ಗೂ ಹೋಗಿ ಬಂದೆ, ಜನರಲ್ ತಿಮ್ಮಯ್ಯ ಅವರು ಹುಟ್ಟಿದ ಮನೆ, ಈಗ ಮ್ಯೂಸಿಯಂ, ಚೆನ್ನಾಗಿ ಇಟ್ಕೊಂಡಿದಾರೆ. ಆದ್ರೆ ತಲೇಲಿ ಮಾತ್ರ ಸರ್ಕಲ್ಲೇ.

ಸಂಜೆ ಫ್ರೆಂಡ್ ಮನೇಲಿ ಕಾಫಿ ಕುಡೀತಾ ಇದನ್ನೆಲ್ಲ ಹೇಳ್ದೆ. ಅವರಪ್ಪ ಕೊಡವರು, ಕಾಫಿ ತೋಟದವರು. "ನಮ್ಮಲ್ಲಿ ಹೆಸರಿನ ಮುಂದೆ ಒಕ್ಕದ, ಅಂದ್ರೆ ಮನೆತನದ, ಹೆಸರು ಬರುತ್ತೆ ಮಗ, ಅಜ್ಜಮಾಡ ಅಂದ್ರೆ ಆ ಒಕ್ಕದಲ್ಲಿ ಹಿಂದೆ ಇದ್ದವರು, ಈಗಿರೋರು ಎಲ್ಲ ಸೇರಿದ ಹಾಗೆ" ಅಂದ್ರು. ಗೋಡೆ ಮೇಲಿದ್ದ ಕೋವಿ ತೋರಿಸಿ, ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು, ಸುತ್ತಮುತ್ತಲಿನವರಿಗೆ ಅದರಲ್ಲೇ ಸುದ್ದಿ ಗೊತ್ತಾಗ್ತಿತ್ತು ಅಂದ್ರು. ಕೋವಿಯ ಮರದ ಹಿಡಿ ಎಷ್ಟು ತಲೆಮಾರಿನ ಕೈ ಉಜ್ಜಿಯೋ ನುಣ್ಣಗೆ ಹೊಳೀತಿತ್ತು.

ಅಂಕಲ್, ದೇಹವೇ ಬರ್ದೇ ಇದ್ರೆ ಆ ಎರಡು ಗುಂಡು ಯಾವಾಗ ಹಾರಿಸ್ತಾರೆ ಅಂತ ಕೇಳ್ಬಿಟ್ಟೆ.

"ಯಾವಾಗ ಅಂತ ಹೇಳ್ಲಿ," ಅಂದ್ರು, "ಕಾಣೆಯಾಗಿದ್ದಾರೆ ಅಂತ ಸುದ್ದಿ ಬಂದ ಮನೇಲಿ ಕೋವಿ ಕೆಳಗಿಳಿಸೋಕೆ ಯಾರಿಗೆ ಕೈ ಬರುತ್ತೆ."