ಟೋಕಿಯೋದಲ್ಲಿ ಸುಶಿ: ಬೆಲೆ ಕೇಳಿ ಕೂರಿ, ಇಲ್ಲವೇ ನಿಂತೇ ತಿನ್ನಿ

ಟೋಕಿಯೋಗೆ ಹೊರಟರೆ ಸಾಕು, ಸುಕಿಜಿ ಮೀನು ಮಾರುಕಟ್ಟೆಗೆ ಹೋಗಿ ಸುಶಿ ತಿನ್ನಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ಮೀನಿನ ಸಗಟು ವ್ಯಾಪಾರ, ಟ್ಯೂನಾ ಹರಾಜು ಎಲ್ಲ 2018ರ ಅಕ್ಟೋಬರ್‌ನಲ್ಲೇ ತೊಯೊಸು ಅನ್ನುವ ಹೊಸ ಮಾರುಕಟ್ಟೆಗೆ ಹೋಗಿದೆ. ಸುಕಿಜಿಯಲ್ಲಿ ಉಳಿದಿರುವುದು ಹೊರಗಿನ ಅಂಗಡಿ ಸಾಲು. ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನಗಂತೂ ನೂಕುನುಗ್ಗಲು ಆಗಿಬರಲ್ಲ, ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಭಾನುವಾರ, ಬುಧವಾರ ಬೇಡ, ಎಷ್ಟೋ ಅಂಗಡಿ ಮುಚ್ಚಿರುತ್ತವೆ.

ಅಲ್ಲಿನ ಒಂದು ಸುಶಿ ಅಂಗಡಿಯಲ್ಲಿ ನಮಗೆ ಚೆನ್ನಾಗಿ ಟೋಪಿ ಹಾಕಿದರು. ಬಾಗಿಲಲ್ಲಿ ಫೋಟೋ, ಬೆಲೆ ಎಲ್ಲ ಇತ್ತು. ಕೂತ ಮೇಲೆ ಇವತ್ತಿನ ಸ್ಪೆಷಲ್ ಅಂತ ಉನಿ (ಸೀ ಅರ್ಚಿನ್ ಅನ್ನುವ ಮುಳ್ಳಿನ ಕಡಲಜೀವಿ), ಕೊಬ್ಬಿನ ಟ್ಯೂನಾ ತಂದಿಟ್ಟರು. ಬಿಲ್ಲಿನಲ್ಲಿ ಆ ಎರಡಕ್ಕೇ ಉಳಿದದ್ದೆಲ್ಲಕ್ಕಿಂತ ಜಾಸ್ತಿ! ಕೇಳಿದರೆ ಗೋಡೆಯ ಹಲಗೆ ತೋರಿಸಿದರು. ಆ ಎರಡರ ಮುಂದೆ ಅಂಕಿಯೇ ಇಲ್ಲ, ಆ ದಿನದ ದರ ಅಂತ ಜಪಾನಿ ಅಕ್ಷರಗಳಲ್ಲಿ ಬರೆದಿತ್ತು ಅಷ್ಟೇ. ಅಂಕಿ ಇಲ್ಲದ್ದನ್ನು ತಟ್ಟೆಗೆ ಹಾಕಿಸಿಕೊಳ್ಳುವ ಮುಂಚೆ "ಇಕುರಾ ದೆಸು ಕಾ" ಅಂತ ಬೆಲೆ ಕೇಳಿಬಿಡಿ.

ನಿಜವಾಗಿ ಹೊಟ್ಟೆ ತುಂಬಿದ್ದು ಟೋಕಿಯೋದ ಇನ್ನೊಂದು ಬಡಾವಣೆ ಉಯೆನೊದಲ್ಲಿ. ಅಮೆಯೊಕೊ ಬೀದಿಯ ಪಕ್ಕದ ಗಲ್ಲಿಯಲ್ಲಿ, ನಿಂತೇ ತಿನ್ನುವ ಪುಟ್ಟ ಸುಶಿ ಅಂಗಡಿ. ಕುರ್ಚಿಯೇ ಇಲ್ಲ. ಹಲಗೆಯಲ್ಲಿ ಪ್ರತಿಯೊಂದಕ್ಕೂ ಬೆಲೆ. ಬೇಕಾದ್ದನ್ನು ಬೆರಳಲ್ಲಿ ತೋರಿಸಿದರೆ ಸಾಕು, ಅಜ್ಜ ನಮ್ಮ ಕಣ್ಣೆದುರೇ ಅನ್ನ ಒತ್ತಿ, ಖಾರದ ಹಸಿರು ವಸಾಬಿ ಸವರಿ, ಮೀನು ಕೂರಿಸಿ ಮುಂದಿಡುತ್ತಾರೆ. ಅನ್ನ ಇನ್ನೂ ಉಗುರು ಬೆಚ್ಚಗಿರುತ್ತದೆ. ಅಜಿ ಮೀನಿನ ಮೇಲೆ ತುರಿದ ಶುಂಠಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಕೈಯಲ್ಲೇ ಎತ್ತಿ ತಿನ್ನಿ, ಯಾರೂ ಏನೂ ಅಂದುಕೊಳ್ಳಲ್ಲ. ಅನ್ನವನ್ನು ಸೋಯಾ ಸಾಸ್‌ನಲ್ಲಿ ಅದ್ದಬೇಡಿ, ಪುಡಿಯಾಗುತ್ತದೆ. ಮೀನಿನ ಬದಿ ಮುಟ್ಟಿಸಿದರೆ ಸಾಕು. ಬಿಸಿ ಚಹಾ, ಶುಂಠಿ ಉಪ್ಪಿನಕಾಯಿ ಎಷ್ಟು ಬೇಕಾದರೂ ಪುಕ್ಕಟೆ. ನಾವು ಮತ್ತೆ ಮತ್ತೆ ಅಲ್ಲಿಗೇ ಹೋದೆವು.

ನಿಂತು ತಿನ್ನಲು ಆಗದ ಹಿರಿಯರು ಜೊತೆಗಿದ್ದರೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಗೆ ಹೋಗಿ. ಶಿಂಜುಕು, ನಿಹೊನ್‌ಬಾಶಿ, ಗಿಂಜಾ, ಎಲ್ಲ ಕಡೆಯೂ ಇವೆ. ಸುಶಿ, ಉಪ್ಪಿನಕಾಯಿ, ಸಿಹಿತಿಂಡಿ ಎಲ್ಲ ಒಂದೇ ಕಡೆ. ಮುಚ್ಚುವ ಹೊತ್ತಿಗೆ ಎಷ್ಟೋ ಕೌಂಟರುಗಳಲ್ಲಿ ಸುಶಿ ಪೆಟ್ಟಿಗೆಗೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ. ಕೂರಲು ಜಾಗ ಸಿಗುವುದು ಕಷ್ಟ, ರೂಮಿಗೆ ಒಯ್ಯಿರಿ. ಕಟ್ಟಿಸಿಕೊಂಡರೆ ತೆರಿಗೆಯೂ ಕಡಿಮೆ: 8%. ಕೂತು ತಿಂದರೆ 10%.

ಸಸ್ಯಾಹಾರಿಗಳು ಹುಷಾರು. ಇನಾರಿ ಅಂದರೆ ಕರಿದ ತೋಫು ಚೀಲದಲ್ಲಿ ಅನ್ನ ತುಂಬಿದ ಸುಶಿ; ಅದರ ತೋಫುವನ್ನು ಸಾಮಾನ್ಯವಾಗಿ ಮೀನಿನ ದಾಶಿ ಸಾರಿನಲ್ಲೇ ಬೇಯಿಸಿರುತ್ತಾರೆ, ಮಿಸೋ ಸೂಪ್ ಕೂಡ ಹಾಗೆಯೇ. ಸೌತೆಕಾಯಿಯ ಸುರುಳಿ ಸುಶಿ, ಕಪ್ಪಾ ಮಾಕಿ ತೆಗೆದುಕೊಳ್ಳಿ, ಹೆಚ್ಚಿನ ಕಡೆ ಸಿಗುತ್ತದೆ.