ಒಂದು ಕೂಸಿನ ಮೇಲೆ ನಿಂತ ವಂಶ

ಡಿಸೆಂಬರ್ 17ರ ಪೂಜೆಯಲ್ಲಿ ಕಥೋಲಿಕ ಚರ್ಚುಗಳಲ್ಲಿ ಮತ್ತಾಯನ ಶುಭಸಂದೇಶದ ಮೊದಲ 17 ವಚನಗಳನ್ನು ಓದುತ್ತಾರೆ. ಅದು ಯೇಸುವಿನ ವಂಶಾವಳಿ, ಬರೀ ಹೆಸರುಗಳು. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14. ಕ್ರಿಸ್‌ಮಸ್ ಹಬ್ಬಕ್ಕೆ ಇನ್ನೊಂದೇ ವಾರ ಇರುತ್ತದೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟಬೇಕು, ಹಬ್ಬದ ತಿಂಡಿ ಆಗಬೇಕು. ಆ ಗಡಿಬಿಡಿಯಲ್ಲಿ ಹೆಸರುಗಳು ಸುಮ್ನೆ ಕಿವಿ ದಾಟಿ ಹೋಗುತ್ತವೆ. ನನಗಂತೂ ಹಬ್ಬಕ್ಕೆ ಮುಂಚಿನ ಈ ಇಡೀ ಆಗಮನ ಕಾಲದಲ್ಲಿ ಇಷ್ಟು ಧೈರ್ಯ ಕೊಡುವ ಓದು ಬೇರೆ ಇಲ್ಲ.

ಪ್ರಸಂಗಗಳಲ್ಲಿ ಜಾಸ್ತಿ ಕೇಳುವುದು ಈ ಪಟ್ಟಿಯ ಹೆಂಗಸರ ಮಾತು. ತಾಮಾರ್, ರಹಾಬ್, ರೂತ್, ಊರೀಯನ ಹೆಂಡತಿ. ಅದು ಬರಲೇಬೇಕಾದ ಮಾತು. ಆದರೆ ನನ್ನ ಮನಸ್ಸು ಹೋಗುವುದು ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಮಗುವಿನ ಕಡೆಗೆ.

ರಾಜ ದಾವೀದ ದೇವರಿಗೊಂದು ಆಲಯ ಕಟ್ಟಬೇಕೆಂದಿದ್ದ. ದೇವರು ಪ್ರವಾದಿ ನಾತಾನನ ಬಾಯಲ್ಲಿ ಬೇಡ ಎಂದು ಹೇಳಿಸಿ, ನಿನ್ನ ಮನೆತನವನ್ನು ನಾನೇ ನಿಲ್ಲಿಸುತ್ತೇನೆ, ನಿನ್ನ ಸಿಂಹಾಸನ ಎಂದೆಂದಿಗೂ ಇರುತ್ತದೆ ಎಂದು ಮಾತು ಕೊಟ್ಟ. ಸುಮಾರು 150 ವರ್ಷ ಕಳೆಯಿತು. ದಾವೀದನ ವಂಶದವನಾದ ಯೆಹೂದದ ರಾಜ ಅಹಜ್ಯ ಸತ್ತ. ಅವನ ತಾಯಿ ಅತಲ್ಯ ತಾನೇ ಆಳಬೇಕೆಂದು ರಾಜವಂಶದವರನ್ನೆಲ್ಲ ಕೊಲ್ಲಿಸಿದಳು. ಸ್ವಂತ ಮೊಮ್ಮಕ್ಕಳು ಅನ್ನುವುದನ್ನೂ ನೋಡಲಿಲ್ಲ.

ಆ ಗಲಾಟೆಯಲ್ಲಿ ಅಹಜ್ಯನ ತಂಗಿ ಯೆಹೋಷೆಬ ಒಂದು ಕೂಸನ್ನು ಎತ್ತಿಕೊಂಡು ಬಂದಳು. ಅದು ಅವಳ ಅಣ್ಣನ ಮಗ ಯೋವಾಷ. ಕೂಸನ್ನೂ ಅದರ ದಾದಿಯನ್ನೂ ಹಾಸಿಗೆಗಳಿದ್ದ ಕೋಣೆಯಲ್ಲಿ ಬಚ್ಚಿಟ್ಟಳು. ಆಮೇಲೆ 6 ವರ್ಷ ದೇವಾಲಯವೇ ಅವನ ಮನೆ. ಹೊರಗೆ ಅತಲ್ಯಳ ಆಳ್ವಿಕೆ. ದಾವೀದನ ವಂಶ ಮುಗಿಯಿತು ಎಂದೇ ಜನ ಅಂದುಕೊಂಡಿರಬೇಕು. ಅಬ್ರಹಾಮನಿಂದ ಬೆತ್ಲೆಹೇಮಿನವರೆಗೆ ಹೋಗಬೇಕಿದ್ದ ದಾರಿ ಆ 6 ವರ್ಷ ಒಂದು ಮಗುವಿನ ಉಸಿರಿನ ಮೇಲೆ ನಿಂತಿತ್ತು. ಮಗು ಅಂದ ಮೇಲೆ ರಾತ್ರಿ ಅಳುತ್ತದೆ, ಜ್ವರ ಬರುತ್ತದೆ, ನಡೆಯಲು ಕಲಿತ ಮೇಲೆ ಹೊರಗೆ ಓಡುತ್ತದೆ, ಅಲ್ವಾ? ಅದನ್ನು ಕಾಪಾಡಲು ದೇವರು ಬೆಂಕಿ ಸುರಿಸಲಿಲ್ಲ, ದೂತರನ್ನು ಕಳಿಸಿದ ಮಾತೂ ಅಲ್ಲಿಲ್ಲ. ಒಬ್ಬ ಅತ್ತೆ, ಹೆಸರಿಲ್ಲದ ಒಬ್ಬ ದಾದಿ, ಅತ್ತೆಯ ಗಂಡನಾದ ಯಾಜಕ ಯೆಹೋಯಾದ. ಅಷ್ಟೇ ಜನ. ಏಳನೆಯ ವರ್ಷ ಯೆಹೋಯಾದ ಆಲಯದಲ್ಲಿಟ್ಟಿದ್ದ ದಾವೀದನ ಕಾಲದ ಭರ್ಜಿ, ಗುರಾಣಿಗಳನ್ನೇ ತೆಗೆದು ಕಾವಲಿನವರ ಕೈಗೆ ಕೊಟ್ಟ. ಹುಡುಗನಿಗೆ ಕಿರೀಟ ಇಟ್ಟ.

ಮುಂದೆ ಈ ಯೋವಾಷ ಒಳ್ಳೆಯವನಾಗಿ ಉಳಿಯಲಿಲ್ಲ. ತನ್ನನ್ನು ಕಾಪಾಡಿದ ಯೆಹೋಯಾದನ ಮಗನನ್ನೇ ಆಲಯದ ಅಂಗಳದಲ್ಲಿ ಕೊಲ್ಲಿಸಿದ. ಅದನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ಮತ್ತಾಯನ ಪಟ್ಟಿ ಯೆಹೋರಾಮನಿಂದ ನೇರ ಉಜ್ಜೀಯನಿಗೆ ಹಾರುತ್ತದೆ. ನಡುವಿನ ಅಹಜ್ಯ, ಯೋವಾಷ, ಅಮಚ್ಯ ಮೂವರೂ ಇಲ್ಲ. ಮನುಷ್ಯರ ಯೋಗ್ಯತೆ ನೋಡಿ ನಡೆಸುವ ವಂಶವಾಗಿದ್ದರೆ ಅದು ಇಲ್ಲೇ ನಿಲ್ಲುತ್ತಿತ್ತು. ನಿಲ್ಲಲಿಲ್ಲ. ಕೊಟ್ಟ ಮಾತು ದೇವರದ್ದು.

ಇನ್ನೂ ಗಟ್ಟಿಯಾಗಿ ಮುಚ್ಚಿದ ಬಾಗಿಲು ಇದೇ ವಂಶದ ಯೆಕೊನ್ಯನದು. 18ನೇ ವಯಸ್ಸಿಗೆ ಯೆಹೂದದ ರಾಜ. ಮೂರೇ ತಿಂಗಳಿಗೆ, ಕ್ರಿ.ಪೂ. 597ರಲ್ಲಿ, ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಸೆರೆಯಾಳಾಗಿ ಅಲ್ಲಿಗೆ ಹೋದ. ಅವನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತು ಬಿಸಾಡುತ್ತಿದ್ದೆ ಎಂದು ದೇವರು ಪ್ರವಾದಿ ಯೆರೆಮೀಯನ ಮೂಲಕ ಹೇಳಿಸಿದ್ದ. ಇವನನ್ನು ಮಕ್ಕಳಿಲ್ಲದವನೆಂದು ಬರೆಯಿರಿ, ಇವನ ಸಂತಾನದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ ಎಂದೂ.

ಬಾಬಿಲೋನಿನ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಹಲಗೆಗಳು ಈಗ ಬರ್ಲಿನ್ನಿನಲ್ಲಿವೆ. ಅವುಗಳಲ್ಲಿ ಅರಮನೆಯ ಉಗ್ರಾಣದ ಲೆಕ್ಕವಿದೆ: ಯೆಹೂದದ ರಾಜನಿಗೆ ಇಷ್ಟು ಎಣ್ಣೆ, ಅವನ ಐದು ಗಂಡುಮಕ್ಕಳಿಗೆ ಇಷ್ಟು. ಆ ಐವರಿಗೂ ಸೇರಿ ಬಂದದ್ದು ಎರಡೂವರೆ ಸಿಲಾ, ಅಂದರೆ ಎರಡೂವರೆ ಲೀಟರಿನ ಆಸುಪಾಸು. ಬರೆದ ಗುಮಾಸ್ತನಿಗೆ ದೇವರ ವಾಗ್ದಾನದ ಗಂಧಗಾಳಿ ಇಲ್ಲ. ಅವನು ಎಣ್ಣೆ ಅಳೆದ, ಬರೆದಿಟ್ಟ. ದಾವೀದನ ಮನೆತನ ಶತ್ರುವಿನ ಉಗ್ರಾಣದ ಎಣ್ಣೆಯಲ್ಲಿ ಬದುಕಿತು. ಸೆರೆಯ 37ನೇ ವರ್ಷ ಯೆಕೊನ್ಯನ ಸೆರೆಬಟ್ಟೆ ತೆಗೆಸಿ, ರಾಜನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದರು.

ಅವನ ಮೊಮ್ಮಗ ಜೆರುಬ್ಬಾಬೆಲ ಯೆರೂಸಲೇಮಿಗೆ ಮರಳಿದ. ಸಿಂಹಾಸನ ಸಿಗಲಿಲ್ಲ, ಪರ್ಷಿಯಾದ ರಾಜನ ಕೈಕೆಳಗೆ ದೇಶಾಧಿಪತಿ ಅಷ್ಟೇ. ಕ್ರಿ.ಪೂ. 520ರಲ್ಲಿ ಪ್ರವಾದಿ ಹಗ್ಗಾಯ ಅವನಿಗೆ ದೇವರ ಮಾತು ತಂದ: ನಿನ್ನನ್ನು ಮುದ್ರೆಯುಂಗುರವನ್ನಾಗಿ ಮಾಡುತ್ತೇನೆ, ನಿನ್ನನ್ನು ಆರಿಸಿಕೊಂಡಿದ್ದೇನೆ. ಅಜ್ಜನ ಕಾಲದಲ್ಲಿ ಕಿತ್ತ ಅದೇ ಉಂಗುರ! ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಜೆರುಬ್ಬಾಬೆಲನಾದ ಮೇಲೆ ಪಟ್ಟಿಯಲ್ಲಿ ಬರುವವರು ಅಬಿಹೂದ, ಎಲ್ಯಕೀಮ, ಅಜೋರ, ಸದೋಕ, ಅಖೀಮ, ಎಲಿಹೂದ, ಎಲಿಯಾಜರ, ಮತ್ತಾನ, ಯಾಕೋಬ. ಆಮೇಲೆ ಮರಿಯಳ ಗಂಡ ಯೋಸೇಫ. ಈ ಒಂಬತ್ತು ಜನ ಏನು ಮಾಡಿದರು ಎಂದು ಬೈಬಲ್ ಒಂದು ಸಾಲೂ ಬರೆದಿಲ್ಲ. ಪರರಾಜರ ಆಳ್ವಿಕೆಯಲ್ಲೇ ಅವರಲ್ಲಿ ಹೆಚ್ಚಿನವರು ಹುಟ್ಟಿ, ಮಕ್ಕಳನ್ನು ಸಾಕಿ, ಸತ್ತಿರಬೇಕು. ಈ ಸಲ ಡಿಸೆಂಬರ್ 17ಕ್ಕೆ ಓದುವ ಸರದಿ ನಿಮ್ಮ ಗುರುಗಳದ್ದೋ ಡೀಕನರದ್ದೋ ಆಗಿದ್ದರೆ, ಈ ಒಂಬತ್ತು ಹೆಸರುಗಳನ್ನು ಒಂದೊಂದಾಗಿ, ನಿಧಾನಕ್ಕೆ ಓದಿ ಎಂದು ಮೊದಲೇ ಹೇಳಿಡಿ.