ಹಳೆಯ ಲ್ಯಾಪ್‌ಟಾಪಿನಲ್ಲಿ ಮನೆಯ ಫೈಲ್ ಸರ್ವರ್

ಬಳಕೆಯಿಲ್ಲದ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಮನೆಯವರ ಫೋಟೋ ಮತ್ತು ಕಡತಗಳನ್ನು ಒಂದೆಡೆ ಇಡಲು ಸಾಂಬಾ ತಂತ್ರಾಂಶವನ್ನು ಆರಿಸಿಕೊಂಡೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಮೊದಲು ಬಿಡುಗಡೆ ಮಾಡಿದ ಇದು, ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಕಡತ ಹಂಚಿಕೆಯ ನಿಯಮಾವಳಿಯನ್ನೇ ಅನುಸರಿಸುವುದರಿಂದ ಉಳಿದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಹೊಸದೇನನ್ನೂ ಅಳವಡಿಸಬೇಕಾಗಿಲ್ಲ.

ಹೊಸಬರನ್ನು ಹೆಚ್ಚು ಕಾಡುವುದು ಅನುಮತಿಗಳ ವಿಷಯವೆಂದು ನನ್ನ ಅನಿಸಿಕೆ: ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿಯನ್ನು ಇಟ್ಟುಕೊಳ್ಳುವುದರಿಂದ ಲಿನಕ್ಸಿನಲ್ಲಿ ಈಗಾಗಲೇ ಖಾತೆಯಿರುವವರನ್ನೂ ಅಲ್ಲಿ ಪ್ರತ್ಯೇಕವಾಗಿ ಸೇರಿಸಬೇಕು, ಸಾಂಬಾದ ಸೆಟ್ಟಿಂಗ್ಸ್ ಕಡತದಲ್ಲಿ ಬರೆಯುವ ಅವಕಾಶ ಕೊಟ್ಟಿದ್ದರೂ, ಆ ಫೋಲ್ಡರಿನ ಲಿನಕ್ಸ್ ಅನುಮತಿ ಒಪ್ಪದಿದ್ದರೆ ಫೈಲ್ ಉಳಿಸಲಾಗದು. ಹೊರಗಿನ ಡಿಸ್ಕನ್ನು ಯುಯುಐಡಿ (ಡಿಸ್ಕಿನ ವಿಶಿಷ್ಟ ಗುರುತು) ಮೂಲಕ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಿರುವ ಲಿನಕ್ಸ್ ಕಡತ) ನಮೂದಿಸಿ, ಜೊತೆಗೆ 'ನೋಫೇಲ್' ಆಯ್ಕೆ ಸೇರಿಸಿದರೆ, ಡಿಸ್ಕ್ ಸಿಕ್ಕಿಸದಿದ್ದಾಗಲೂ ಯಂತ್ರ ಬೂಟ್ ಆಗುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್! ರೂಟರಿನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಮಾತ್ರ ಅಂತರಜಾಲಕ್ಕೆ ತೆರೆಯಲೇಬಾರದು.